ಪಿಎಫ್ ಪೂರ್ತಿ ತೆಗೆಯುವ ಮುಂಚೆ

15 ಜೂನ್ 2025, ಭಾನುವಾರ
ನರಸಾಪುರ, ಕೋಲಾರ

ವಾರದ ರಜೆ, ಅದರ ಮೇಲೆ ಶಾಲೆ ಫೀಸು ಕಟ್ಟುವ ತಿಂಗಳು. ಆನ್‌ಲೈನ್ ಅರ್ಜಿ ಹಾಕಿಕೊಡುವ ನನ್ನ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಬರೀ ಪಿಎಫ್ ಕೆಲಸವೇ. ಪಾಸ್‌ವರ್ಡ್ ಮರೆತವರು, ಆಧಾರ್‌ನಲ್ಲಿ ಒಂದು ಹೆಸರು ಪಿಎಫ್‌ನಲ್ಲಿ ಇನ್ನೊಂದು ಹೆಸರು ಇರುವವರು, ರೀಚಾರ್ಜ್ ಮಾಡಿಸದೆ ಓಟಿಪಿ ಬರುವ ನಂಬರನ್ನೇ ಕಳೆದುಕೊಂಡವರು. ಆದರೆ ಜಾಸ್ತಿ ಜನ ಬರುವುದು ಒಂದೇ ಮಾತು ಹೇಳಿಕೊಂಡು: "ಅಕ್ಕಾ, ಪೂರ್ತಿ ತೆಗೆದುಬಿಡಿ."

ಇವತ್ತು ಮುಳಬಾಗಿಲು ಕಡೆಯ ಹುಡುಗನೊಬ್ಬ ಬಂದಿದ್ದ. ಇಲ್ಲೇ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಮೂರು ವರ್ಷ ದುಡಿದಿದ್ದಾನೆ. ಏಪ್ರಿಲ್ ಮೊದಲ ವಾರ ಕಾಂಟ್ರಾಕ್ಟ್ ಮುಗಿಯಿತು. ಜುಲೈಯಿಂದ ವೇಮಗಲ್‌ನಲ್ಲಿ ಬೇರೆ ಕೆಲಸ ಸಿಕ್ಕಿದೆ. ಕೆಲಸ ಬಿಟ್ಟು ಎರಡು ತಿಂಗಳಾಗಿದೆ, ಈಗ ಕ್ಲೇಮ್ ಹಾಕಿದರೆ ಎಲ್ಲಾ ದುಡ್ಡೂ ಬರುತ್ತದೆ ಅಂತ ಜೊತೆಯವರು ಹೇಳಿಕೊಟ್ಟಿದ್ದಾರೆ. ಊರಲ್ಲಿ ಬೋರ್ ಬತ್ತಿದೆ, ಹೊಸದು ಕೊರೆಸಬೇಕು ಅಂತ ಅಪ್ಪ ದಿನಾ ಫೋನ್ ಮಾಡುತ್ತಾರಂತೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದರೂ ನೀರು ಬೀಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಹಾಗಂತ ಒಣಗುತ್ತಿರುವ ತೋಟ ನೋಡಿಕೊಂಡು ಕೂತಿರುವ ಮನುಷ್ಯನಿಗೆ ಬೇಡ ಅನ್ನುವುದಕ್ಕೆ ನಾನ್ಯಾರು?

ಪಾಸ್‌ಬುಕ್ ತೆಗೆದು ಸ್ಕ್ರೀನ್ ಅವನ ಕಡೆ ತಿರುಗಿಸಿದೆ. ತಿಂಗಳು ತಿಂಗಳೂ ಮೂರು ಕಾಲಂ: 1,800, 550, 1,250. ಕಂಪನಿಯವರು ಬರೀ 550 ಹಾಕಿದ್ದಾರಾ ಅಂತ ಎಲ್ಲರ ಹಾಗೆ ಅವನೂ ಕೇಳಿದ. ಅವನ ಪಿಎಫ್ ಲೆಕ್ಕದ ಸಂಬಳ 15,000. ಅದರಲ್ಲಿ ಅವನ ಪಾಲು ಶೇ. 12, ಅಂದರೆ 1,800. ಕಂಪನಿಯೂ ಅಷ್ಟೇ ಹಾಕುತ್ತದೆ. ಆದರೆ ಅದರಲ್ಲಿ 1,250 ಪಿಂಚಣಿಗೆ ಹೋಗಿ ಉಳಿದ 550 ಪಿಎಫ್‌ಗೆ ಬರುತ್ತದೆ. ಪಿಂಚಣಿ ಕಾಲಂಗೆ ಬಡ್ಡಿ ಕಾಣುವುದಿಲ್ಲ. ಅದಕ್ಕೇ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮೂರು ವರ್ಷಕ್ಕೆ ಬಡ್ಡಿ ಸೇರಿ ಪಿಎಫ್ ಸುಮಾರು 95 ಸಾವಿರ. 2024-25ಕ್ಕೆ ಬಡ್ಡಿ ಶೇ. 8.25. ಇದೇ ಬಡ್ಡಿ ಮುಂದುವರಿದರೆ, ಅವನು ಇನ್ನೊಂದು ರೂಪಾಯಿ ಹಾಕದೇ ಇದ್ದರೂ, 27 ವರ್ಷಕ್ಕೆ ಅದು 8 ಲಕ್ಷ ದಾಟುತ್ತದೆ. ಬೆಲೆ ಏರಿಕೆ ವರ್ಷಕ್ಕೆ ಶೇ. 6 ಅಂತ ಹಿಡಿದರೆ, ಆ 8 ಲಕ್ಷಕ್ಕೆ ಇವತ್ತಿನ ಒಂದೂಮುಕ್ಕಾಲು ಲಕ್ಷದಷ್ಟೂ ಬೆಲೆ ಇರುವುದಿಲ್ಲ. ಅದನ್ನೂ ಹೇಳಿದೆ. ದೊಡ್ಡ ಅಂಕಿ ತೋರಿಸಿ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ಬೆಲೆ ಏರಿಕೆ ಕಳೆದ ಮೇಲೂ ದುಡ್ಡು ಬೆಳೆದಿರುತ್ತದೆ, ಅಷ್ಟು ಸಾಕಲ್ವಾ?

"ಸುಮ್ನೆ ಬಿಟ್ಟರೆ ಮೂರು ವರ್ಷ ಆದ ಮೇಲೆ ಬಡ್ಡಿ ನಿಲ್ಲುತ್ತಂತೆ?" ಅಂದ. ಈ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಚಿಕ್ಕ ವಯಸ್ಸಿನಲ್ಲಿ ಕೆಲಸ ಬಿಟ್ಟವರಿಗೆ 58 ವರ್ಷದವರೆಗೂ ಬಡ್ಡಿ ಬರುತ್ತದೆ. ಹೊಸ ಕಂಪನಿಯಲ್ಲಿ ಅದೇ ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್ ಕೊಟ್ಟು, ಹಳೆಯ ದುಡ್ಡು ಟ್ರಾನ್ಸ್‌ಫರ್ ಆಗಿದೆಯಾ ಅಂತ ನೋಡಿಕೊಂಡರೆ ಆಯಿತು.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು 10ಸಿ ಫಾರಂ ವಿಷಯದಲ್ಲಿ. ಪಿಎಫ್ ತೆಗೆಯುವುದಕ್ಕೆ ಫಾರಂ 19. ಜೊತೆಗೆ 10ಸಿ ಹಾಕಿ ಪಿಂಚಣಿ ದುಡ್ಡನ್ನೂ ಬಾಚಿಕೊಂಡು ಹೋಗುತ್ತಾರೆ. ಮೂರು ವರ್ಷಕ್ಕೆ ಸಿಗುವುದು ಹೆಚ್ಚು ಕಡಿಮೆ ಮೂರು ತಿಂಗಳ ಸಂಬಳ. ಹೋಗುವುದು ಮೂರು ವರ್ಷದ ಸರ್ವೀಸು. ತಿಂಗಳ ಪಿಂಚಣಿ ಬರಬೇಕಾದರೆ 10 ವರ್ಷ ಸರ್ವೀಸು ಆಗಿರಬೇಕು. ನಮ್ಮ ಕಡೆ ಕಾಂಟ್ರಾಕ್ಟರ್ ಬದಲಾದಾಗಲೆಲ್ಲ 10ಸಿ ಹಾಕುತ್ತಾರೆ, ಮತ್ತೆ ಸೊನ್ನೆಯಿಂದ ಶುರು. ಇಪ್ಪತ್ತು ವರ್ಷ ಫ್ಯಾಕ್ಟರಿಯಲ್ಲಿ ಸವೆದವರ ಲೆಕ್ಕ ತೆಗೆದು ನೋಡಿದರೆ ನಾಲ್ಕೇ ವರ್ಷದ ಸರ್ವೀಸು ಉಳಿದಿರುತ್ತದೆ.

ಪಿಂಚಣಿ ಲೆಕ್ಕ ಕಷ್ಟವೇನಲ್ಲ. ಸಂಬಳವನ್ನು, ಅಂದರೆ 15,000 ಮಿತಿಯೊಳಗಿನದ್ದನ್ನು, ಸರ್ವೀಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 10 ವರ್ಷಕ್ಕೆ ತಿಂಗಳಿಗೆ 2,143 ರೂಪಾಯಿ. 20 ವರ್ಷ ದಾಟಿದವರಿಗೆ ಎರಡು ವರ್ಷ ಸೇರಿಸಿ ಕೊಡುತ್ತಾರೆ, ಹಾಗಾಗಿ 30 ವರ್ಷಕ್ಕೆ 6,857. 58ರಿಂದ ಸಾಯುವವರೆಗೂ, ಆಮೇಲೆ ಹೆಂಡತಿಗೂ ಒಂದು ಪಾಲು. ಸಂಸಾರ ಪೂರ್ತಿ ನಡೆಯುವಷ್ಟಲ್ಲ, ನಿಜ. ಆದರೆ ಮಾತ್ರೆಗೆ ಮಗನ ಮುಂದೆ ಕೈ ಚಾಚುವುದು ತಪ್ಪುತ್ತದೆ.

ಹುಡುಗ ಹೊರಗೆ ಹೋಗಿ ಅಪ್ಪನ ಹತ್ತಿರ ತುಂಬಾ ಹೊತ್ತು ಮಾತಾಡಿ ಬಂದ. ಬೋರ್ ಬಿಡುವ ಹಾಗಿಲ್ಲ, ಆದರೆ ಪಿಂಚಣಿ ಮುಟ್ಟುವುದಿಲ್ಲ ಅಂತ ಇಬ್ಬರೂ ಒಪ್ಪಿದರು. ಫಾರಂ 19 ಮಾತ್ರ ಹಾಕಿದೆ. ಐದು ವರ್ಷ ಆಗಿಲ್ಲ, 50 ಸಾವಿರದ ಮೇಲೆ ಇದೆ, ಅದಕ್ಕೆ ದುಡ್ಡು ಕೊಡುವಾಗಲೇ ತೆರಿಗೆ (ಟಿಡಿಎಸ್) ಹಿಡಿಯದಿರಲಿ ಅಂತ 15ಜಿ ಫಾರಂ ಸೇರಿಸಿದೆ. ವರ್ಷದ ಆದಾಯಕ್ಕೆ ತೆರಿಗೆ ಬೀಳದವರು 2025ರಲ್ಲಿ ಅದನ್ನು ಕೊಡಬಹುದಿತ್ತು. ಪಿಂಚಣಿಗೆ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್, ಅಂದರೆ ಇಷ್ಟು ವರ್ಷ ಸರ್ವೀಸು ಆಗಿದೆ ಅನ್ನುವ ಪತ್ರ ತೆಗೆದುಕೊಳ್ಳಬೇಕು, ಅದಕ್ಕೂ ಅದೇ 10ಸಿ ಫಾರಂ, ಆದರೆ ಬರೆಯುವುದು ಬೇರೆ. ಅದನ್ನು ವೇಮಗಲ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕೊಟ್ಟರೆ ಈ ಮೂರು ವರ್ಷ ಅಲ್ಲಿಗೆ ಕೂಡಿಕೊಳ್ಳುತ್ತದೆ.

ಪಿಎಫ್ ಒಡೆಯುವವರು ಯಾರೂ ದುಂದುಗಾರರಲ್ಲ. ಕೈಯಲ್ಲಿ ಬೇರೆ ದುಡ್ಡು ಇರುವುದಿಲ್ಲ, ಅಷ್ಟೇ. ಅದಕ್ಕೇ ಬಂದವರಿಗೆಲ್ಲ ಹೇಳುತ್ತೇನೆ, ಸಂಬಳ ಬಿದ್ದ ಮರುದಿನ ಸಾವಿರ ರೂಪಾಯಿಯಾದರೂ ಬ್ಯಾಂಕಿನಲ್ಲಿ ತಿಂಗಳು ತಿಂಗಳೂ ಕಟ್ಟುವ ಒಂದು ವರ್ಷದ ಆರ್‌ಡಿಗೆ ಹೋಗಲಿ. ಜೂನ್‌ಗೆ ಮುಗಿಯುವ ಹಾಗೆ ಹಾಕಿದರೆ ಫೀಸಿಗೆ ಆಯಿತು. ಕಾಯಿಲೆ ಬಂದರೆ ಖಾತೆ ಮುಚ್ಚದೆ ಫಾರಂ 31ರಲ್ಲಿ ಅಡ್ವಾನ್ಸ್ ತೆಗೆಯಬಹುದು.

ಪಿಎಫ್ ಇಲ್ಲದ ಮನೆಯವರೂ ಇದ್ದಾರೆ. ಡೇರಿಗೆ ಹಾಲು ಹಾಕುವ ಹೆಂಗಸರು, ಟೈಲರ್‌ಗಳು, ಆಟೋದವರು. ಆದಾಯ ತೆರಿಗೆ ಕಟ್ಟದ, 40 ದಾಟದವರಿಗೆ ಅಟಲ್ ಪಿಂಚಣಿ ಇದೆ. 60ರ ನಂತರ ತಿಂಗಳಿಗೆ 5,000 ಬೇಕಾದರೆ 18ಕ್ಕೆ ಸೇರಿದವರು 210 ಕಟ್ಟಬೇಕು, 30ಕ್ಕೆ ಸೇರಿದವರು 577. ಮೂವತ್ತು ವರ್ಷ ಕಳೆದ ಮೇಲೆ 5,000ಕ್ಕೆ ಇವತ್ತಿನ ಬೆಲೆ ಇರುವುದಿಲ್ಲ. ಅದಕ್ಕೆ ಜೊತೆಯಲ್ಲಿ ಪಿಪಿಎಫ್, ಅಂದರೆ ಯಾರು ಬೇಕಾದರೂ ತೆರೆಯಬಹುದಾದ ಸರ್ಕಾರಿ ಉಳಿತಾಯ ಖಾತೆ ಕೂಡ ಇರಲಿ. ವರ್ಷಕ್ಕೆ 500 ರೂಪಾಯಿ ಹಾಕಿದರೂ ಖಾತೆ ನಡೆಯುತ್ತದೆ.

ಹುಡುಗನನ್ನು ಕಳಿಸುವ ಮುಂಚೆ ಇ-ನಾಮಿನೇಷನ್, ಅಂದರೆ ತಾನಿಲ್ಲದಿದ್ದರೆ ದುಡ್ಡು ಯಾರಿಗೆ ಅಂತ ಆನ್‌ಲೈನ್‌ನಲ್ಲಿ ಬರೆಸುವುದು, ಮಾಡಿಸಿದೆ, ತಾಯಿಯ ಹೆಸರಿಗೆ. ಕೆಲಸದಲ್ಲಿರುವಾಗ ಏನಾದರೂ ಆದರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆ ಬರುತ್ತದೆ, ಆಗ ನಾಮಿನಿ ಹೆಸರು ಬೇಕೇ ಬೇಕು. ಮದುವೆಯಾದ ತಕ್ಷಣ ಮತ್ತೆ ಬಾ ಅಂದೆ. ಮದುವೆಗೆ ಮುಂಚೆ ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ನಡೆಯುವುದಿಲ್ಲ, ಹೊಸದಾಗಿ ಮಾಡಿಸಬೇಕು.