ಸಿಗಡಿ ರವಾ ಫ್ರೈ ಬನ್ನಿನೊಳಗೆ ಹೋದರೆ

ಮಂಗಳೂರು ಕಡೆಯ ಹೋಟೆಲುಗಳಲ್ಲಿ ತಟ್ಟೆಗೆ ಬಡಿಸುವ ಸಿಗಡಿ ರವಾ ಫ್ರೈಯನ್ನು ಹಾಗೇ ಎತ್ತಿ ಬನ್ನಿನೊಳಗಿಟ್ಟರೆ ಸ್ಯಾಂಡ್‌ವಿಚ್ ಆಗುವುದಿಲ್ಲ. ಐದು ನಿಮಿಷಕ್ಕೆ ರವೆ ಮೆತ್ತಗಾಗುತ್ತದೆ, ಬನ್ ಒದ್ದೆಯಾಗುತ್ತದೆ, ಕಚ್ಚಿದ ಕೂಡಲೇ ಸಿಗಡಿ ಜಾರಿ ಆಚೆ ಬೀಳುತ್ತದೆ. ತಟ್ಟೆಯಲ್ಲಾದರೆ ಆವಿ ಮೇಲೆ ಹೋಗಿಬಿಡುತ್ತದೆ. ಬನ್ನಿನೊಳಗೆ ಅದಕ್ಕೆ ದಾರಿ ಇಲ್ಲ. ಹಾಗಾಗಿ ನಮ್ಮ ಕಿಚನ್ನಿನಲ್ಲಿ ಹೊಸ ಹುಡುಗರಿಗೆ ಮಸಾಲೆ ಅರೆಯುವುದಕ್ಕಿಂತ ಮೊದಲು ನೀರು ತೆಗೆಯುವುದನ್ನು ಕಲಿಸುತ್ತೇವೆ.

ಮೂರು ಬನ್ನಿಗೆ ಸುಲಿದ ಸಿಗಡಿ 250 ಗ್ರಾಂ ಬೇಕು. ತಲೆ, ಸಿಪ್ಪೆ ಹೋದರೆ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, ಆದ್ದರಿಂದ ಅರ್ಧ ಕೆಜಿ ತನ್ನಿ. ಮಧ್ಯಮ ಗಾತ್ರದ್ದು ಸಾಕು, ದೊಡ್ಡ ಟೈಗರ್ ಸಿಗಡಿಗೆ ದುಡ್ಡು ಸುರಿಯುವುದು ದಂಡ. ಜೂನ್, ಜುಲೈಯಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟು ಕಡಲಿಗಿಳಿಯುವುದಿಲ್ಲ. ಆಗ ಹೆಚ್ಚಾಗಿ ಸಿಗುವುದು ಸಾಕಿದ ವನಾಮಿ ಜಾತಿಯ ಸಿಗಡಿ, ಇಲ್ಲವೇ ಫ್ರೀಜ್ ಮಾಡಿದ್ದು. ಫ್ರೀಜ್ ಮಾಡಿದ್ದನ್ನು ಹಿಂದಿನ ರಾತ್ರಿಯೇ ಜರಡಿಯಲ್ಲಿ ಹಾಕಿ, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನಲ್ಲಿ ಬಸಿಯಲು ಬಿಡಿ.

ಬೆನ್ನಿನ ಕಪ್ಪು ನರ ತೆಗೆಯಿರಿ. ಬಾಲವನ್ನೂ ತೆಗೆಯಿರಿ, ಅದು ತಟ್ಟೆಗೆ ಚಂದ, ಬನ್ನಿನೊಳಗೆ ಗಂಟಲಿಗೆ ಚುಚ್ಚುತ್ತದೆ. ಆಮೇಲೆ ಹೊಟ್ಟೆಯ ಕಡೆ ಮೂರು ಕಡೆ ಅಡ್ಡಕ್ಕೆ ಎರಡು ಮಿಲಿಮೀಟರ್ ಆಳ ಗೀರಿ, ಸಿಗಡಿಯನ್ನು ಬೋರಲು ಹಾಕಿ ಬೆರಳಿನಿಂದ ಒತ್ತಿ. ಒಳಗೆ ಏನೋ ಹರಿದಂತೆ ಬೆರಳಿಗೆ ಗೊತ್ತಾಗುತ್ತದೆ. ಹೀಗೆ ಮಾಡಿದ್ದು ಎಣ್ಣೆಯಲ್ಲಿ ಸುರುಳಿ ಸುತ್ತಿಕೊಳ್ಳದೆ ನೆಟ್ಟಗೆ ಬೇಯುತ್ತದೆ, ಬನ್ನಿನಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಕೊನೆಗೆ ಬಟ್ಟೆಯ ಮೇಲೆ ಹರವಿ ಪೂರ್ತಿ ಒರೆಸಿ.

ಮಸಾಲೆಗೆ ನೆನೆಸಿದ ಬ್ಯಾಡಗಿ ಮೆಣಸು 8, ಬೆಳ್ಳುಳ್ಳಿ 5 ಎಸಳು, ಅರ್ಧ ಇಂಚು ಶುಂಠಿ, ಗೋಲಿ ಗಾತ್ರದ ಹುಣಸೆ, ಕಾಲು ಚಮಚ ಅರಿಶಿನ, ಮುಕ್ಕಾಲು ಚಮಚ ಉಪ್ಪು. ಎರಡೇ ಚಮಚ ನೀರಿನಲ್ಲಿ ಅರೆದು, ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಕಲಸಿ. ಬೆರಳಲ್ಲಿ ಎತ್ತಿದರೆ ಜಾರಬಾರದು. ಹಚ್ಚಿ 15 ನಿಮಿಷ ಇಟ್ಟರೆ ಆಯಿತು. ರಾತ್ರಿಯಿಡೀ ನೆನೆಸುವವರಿದ್ದಾರೆ, ಉಪ್ಪು ನೀರು ಬಿಡಿಸುತ್ತದೆ, ಹುಳಿ ಮಾಂಸವನ್ನು ಗಟ್ಟಿ ಮಾಡುತ್ತದೆ, ಮಸಾಲೆ ತಟ್ಟೆಯ ತಳದಲ್ಲಿ ಸಾರಾಗಿ ನಿಂತಿರುತ್ತದೆ.

ರವೆ ಚಿರೋಟಿಯದ್ದೇ ಆಗಬೇಕು. ಉಪ್ಪಿಟ್ಟಿನ ರವೆ ಬನ್ನಿನ ಜೊತೆ ಕಚ್ಚುವಾಗ ಅಂಗುಳಕ್ಕೆ ಒತ್ತುತ್ತದೆ. ನಾಲ್ಕು ದೊಡ್ಡ ಚಮಚ ರವೆಗೆ ಒಂದು ಚಮಚ ಅಕ್ಕಿಹಿಟ್ಟು ಬೆರೆಸಿ, ಹೊರಳಿಸಿ, ಐದು ನಿಮಿಷ ಬಿಡಿ. ರವೆ ಮಸಾಲೆಯ ಪಸೆ ಹೀರಿಕೊಂಡರೆ ಎಣ್ಣೆಯಲ್ಲಿ ಉದುರುವುದಿಲ್ಲ.

ಬಾಣಲೆಯಲ್ಲಿ ಎರಡು ಇಂಚು ರಿಫೈನ್ಡ್ ಎಣ್ಣೆ, 175ರಿಂದ 180 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಚಿಟಿಕೆ ರವೆ ಹಾಕಿ ನೋಡಿ, ತಕ್ಷಣ ನೊರೆಯೆದ್ದು ಮೇಲೆ ಬರಬೇಕು, ಕಪ್ಪಾಗಬಾರದು. ಒಂದು ಸಲಕ್ಕೆ ಆರೇಳು ಮಾತ್ರ. ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿ ರವೆ ಅದನ್ನೇ ಕುಡಿಯುತ್ತದೆ. ಎರಡು ನಿಮಿಷದ ಕೆಲಸ. ಬಾಗಿದ್ದನ್ನು ನೋಡಿ ಬೆಂದಿದೆ ಎನ್ನುವ ಅಭ್ಯಾಸ ಇಲ್ಲಿ ನಡೆಯದು, ನಾವು ಗೀರಿದ್ದೇವಲ್ಲ. ಸುತ್ತಲಿನ ನೊರೆ ಇಳಿದು ಸದ್ದು ಸಣ್ಣಗಾಗುವುದೇ ಗುರುತು. ಅನುಮಾನವಿದ್ದರೆ ಒಂದನ್ನು ಮುರಿದು ನೋಡಿ, ನಡುವೆ ಗಾಜಿನಂಥ ಪಾರದರ್ಶಕ ಭಾಗ ಉಳಿದಿರಬಾರದು. ಮುಂದಿನ ಸುತ್ತಿಗೆ ಮೊದಲು ತಳದ ರವೆಯನ್ನು ಜಾಲರಿಯಲ್ಲಿ ತೆಗೆಯದಿದ್ದರೆ ಕಹಿ ಹತ್ತುತ್ತದೆ.

ತೆಗೆದದ್ದನ್ನು ಟಿಶ್ಯೂ ಮೇಲೆ ಹಾಕಬೇಡಿ, ಅಡಿಭಾಗ ಬೆವರುತ್ತದೆ. ತಂತಿ ಜಾಲರಿ ಮೇಲೆ ಎರಡು ನಿಮಿಷ ಇಡಿ. ಆ ಹೊತ್ತಿಗೆ ಬನ್ (ಬೇಕರಿಯದ್ದು, ಬಾಳೆಹಣ್ಣಿನ ಮಂಗಳೂರು ಬನ್ಸ್ ಅಲ್ಲ) ಸೀಳಿ, ಒಳಮೈಗೆ ಬೆಣ್ಣೆ ಸವರಿ ತವಾ ಮೇಲೆ ಕಂದು ಬರುವಷ್ಟು ಕಾಯಿಸಿ. ಗರಿಯಾದ ಆ ಬೆಣ್ಣೆಯ ಪದರ ಸಾಸ್ ಒಳಗಿಳಿಯದಂತೆ ತಡೆಯುತ್ತದೆ. ಮೂರು ದೊಡ್ಡ ಚಮಚ ಮಯೋನೀಸ್‌ಗೆ ಒಂದು ಚಮಚ ಮಾವಿನಮಿಡಿ ಉಪ್ಪಿನಕಾಯಿಯ ರಸ ಕಲಸಿ ಮೇಲಿನ ಹೋಳಿಗೆ ಮಾತ್ರ ಹಚ್ಚಿ. ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ತೊಳೆದು ಒರೆಸಿ ಹಾಕಿ. ಟೊಮೆಟೊ ಬೇಡವೇ ಬೇಡ, ಲಿಂಬೆ ಹಿಂಡುವುದಿದ್ದರೆ ಮಯೋನೀಸ್‌ಗೆ.

ಸಿಗಡಿಯ ಬದಲು ಬೊಂಡಾಸ್‌ನ (ಸ್ಕ್ವಿಡ್) ರಿಂಗ್ ಇದಕ್ಕೆ ಒಗ್ಗದು, ಒಂದು ಕಚ್ಚಿಗೆ ಇಡೀ ಬಳೆಯೇ ಕಿತ್ತುಬರುತ್ತದೆ. ಪಟ್ಟಿಯಾಗಿ ಕತ್ತರಿಸಿದರೆ ಅಡ್ಡಿಯಿಲ್ಲ. ಅಂಜಲ್ ಮೀನು ಹಾಕುವುದಾದರೆ ಮುಳ್ಳು ಪೂರ್ತಿ ಬಿಡಿಸಿ, ಬನ್ನಿನೊಳಗೆ ಮುಳ್ಳು ಕಣ್ಣಿಗೆ ಬೀಳುವುದಿಲ್ಲ. ಡಬ್ಬಿಗೆ ಕಟ್ಟಬೇಕಿದ್ದರೆ ಫ್ರೈ, ಬನ್, ಸಾಸ್ ಮೂರನ್ನೂ ಬೇರೆ ಬೇರೆ ಕಟ್ಟಿ, ಫ್ರೈ ಪೂರ್ತಿ ಆರುವ ತನಕ ಮುಚ್ಚಳ ಹಾಕಬೇಡಿ. ಉಳಿದ ಎಣ್ಣೆಯಲ್ಲಿ ಬೇರೆ ತಿಂಡಿ ಕರಿಯುವ ಮುನ್ನ ಮನೆಯಲ್ಲಿ ಯಾರಿಗಾದರೂ ಸಿಗಡಿ ಅಲರ್ಜಿ ಇದೆಯೇ ಎಂದು ಕೇಳಿಕೊಳ್ಳಿ.