‘ಬೇಜಾರು ಮಾಡ್ಕೋಬೇಡಿ’ ಅಂದರೆ ಕ್ಷಮೆ ಕೇಳಿದಂತಲ್ಲ

ಇನ್ಸುಲಿನ್ ಬರೆಯುವಾಗ ‘ಯೂನಿಟ್’ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ‘ಯು’ ಅಕ್ಷರವನ್ನಷ್ಟೇ ಗೀಚುವ ಅಭ್ಯಾಸ ಹಳೆಯದು. ಅಕ್ಷರದ ಬಾಯಿ ಕೂಡಿಕೊಂಡರೆ ಸೊನ್ನೆ. 10 ಯೂನಿಟ್ 100 ಆಗುತ್ತದೆ. ರಕ್ತದ ಸಕ್ಕರೆ ಕುಸಿದು ರೋಗಿ ಬೆವರುತ್ತಾರೆ, ತೊದಲುತ್ತಾರೆ, ಪ್ರಜ್ಞೆ ತಪ್ಪುತ್ತಾರೆ. ಮೊದಲು ಗ್ಲೂಕೋಸ್ ಏರಿಸಿ, ಸಕ್ಕರೆ ಮತ್ತೆ ಕುಸಿಯದಂತೆ ಗಂಟೆಗಟ್ಟಲೆ ಕಾಯಬೇಕು. ಆಮೇಲೆ ಮನೆಯವರಿಗೆ ಹೇಳಬೇಕು. ಎಡವುವುದು ಇಲ್ಲೇ.

“ಶುಗರ್ ಸ್ವಲ್ಪ ಲೋ ಆಗಿತ್ತು, ಈಗ ಸರಿಹೋಗಿದೆ, ಬೇಜಾರು ಮಾಡ್ಕೋಬೇಡಿ.” ಇದರಲ್ಲಿ ಸುಳ್ಳಿಲ್ಲ, ಆದರೆ ಆದದ್ದೇನು ಎಂಬುದೇ ಇಲ್ಲ. ಹೇಳಬೇಕಾದ್ದು ಹೀಗೆ: “ನಿಮ್ಮ ತಂದೆಯವರಿಗೆ ಹತ್ತು ಯೂನಿಟ್ ಕೊಡಬೇಕಿತ್ತು, ನೂರು ಕೊಟ್ಟುಬಿಟ್ಟಿದ್ದೇವೆ. ತಪ್ಪು ನಮ್ಮದು, ಕ್ಷಮಿಸಿ.” ಅದೂ ಐಸಿಯು ಬಾಗಿಲಲ್ಲಿ ನಿಂತಲ್ಲ, ಕೂರಿಸಿ, ಫೋನ್ ಪಕ್ಕಕ್ಕಿಟ್ಟು. ಹೊಣೆ ಹೊತ್ತ ವೈದ್ಯರೇ ಹೇಳಬೇಕು, ಇನ್ನೂ ಕಲಿಯುತ್ತಿರುವ ಪಿಜಿ ವೈದ್ಯರನ್ನೋ ಸಿಸ್ಟರನ್ನೋ ಮುಂದೆ ತಳ್ಳಬಾರದು. ಕಾರಣ ಗೊತ್ತಾಗಿಲ್ಲವೆಂದರೆ ಊಹೆ ಬೇಡ. ಯಾವತ್ತು ತಿಳಿಸುತ್ತೇವೆಂದು ಹೇಳಿ ಅವತ್ತೇ ತಿಳಿಸಬೇಕು. ಇಷ್ಟೆಲ್ಲ ಮಾಡಿ, ಆ ಐಸಿಯು ದಿನಗಳ ಬಿಲ್ಲನ್ನು ಅವರ ಕೈಗಿಟ್ಟರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೇಸ್ ಶೀಟಿಗೆ ವೈಟ್ನರ್ ಮುಟ್ಟಿಸಬೇಡಿ. ತಪ್ಪಿದ ಸಾಲು ಓದಲು ಬರುವಂತೆ ಒಂದೇ ಗೆರೆ, ಪಕ್ಕದಲ್ಲಿ ಸಹಿ, ತಾರೀಖು, ಸಮಯ. ದಾಖಲೆ ಕೇಳಿದವರಿಗೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ.

ಒಪ್ಪಿಕೊಂಡರೆ ಅದೇ ಕೋರ್ಟಿನಲ್ಲಿ ಸಾಕ್ಷಿಯಾದೀತು ಎಂಬ ಭಯ ಬುಡವಿಲ್ಲದ್ದಲ್ಲ. ದುಡ್ಡು ಪಡೆದು ಮಾಡುವ ಚಿಕಿತ್ಸೆಯನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಗ್ರಾಹಕ ಕಾನೂನಿನೊಳಗೆ ತಂದಿತು. ಇಂಗ್ಲೆಂಡಿನ 2006ರ ಕಾಯ್ದೆ ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪೊಪ್ಪಿಗೆಯಾಗದು ಎನ್ನುತ್ತದೆ. ನಮ್ಮ ವೈದ್ಯರಿಗೆ ಅಂಥ ಆಸರೆ ಇಲ್ಲ. ಆದರೂ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳನ್ನು ನೋಡಿ: ತಪ್ಪನ್ನು ತಾವೇ ತಿಳಿಸಿ ಪರಿಹಾರವನ್ನೂ ಕೊಡತೊಡಗಿದ ಮೇಲೆ ದಾವೆಗಳ ಮಾಸಿಕ ಸರಾಸರಿ ರೋಗಿಗಳ ಲಕ್ಷ ಭೇಟಿಗೆ 2.13ರಿಂದ 0.75ಕ್ಕೆ ಇಳಿಯಿತು. ಬರೀ ಸಿಹಿಮಾತಿಗೆ ಇಳಿದದ್ದಲ್ಲ. ಪರಿಹಾರದ ದುಡ್ಡೂ ಜೊತೆಗಿತ್ತು.

ಮನೆಯವರು ಕೊನೆಗೆ ಕೇಳುವುದು, “ಇನ್ನೊಬ್ಬರಿಗೆ ಹೀಗಾಗದಂತೆ ಏನು ಮಾಡಿದಿರಿ?” ಉತ್ತರ ಕೈಯಲ್ಲಿರಬೇಕು: ‘ಯೂನಿಟ್’ ಎಂದು ಪೂರ್ತಿ ಬರೆಯುವುದು, ಚುಚ್ಚುವ ಮುನ್ನ ಇನ್ನೊಬ್ಬ ಸಿಸ್ಟರ್ ಡೋಸ್ ಓದಿ ನೋಡುವುದು. ಮಿ.ಲೀ.ಗೆ 40 ಯೂನಿಟ್ಟಿನ ಸಿರಿಂಜಿನಲ್ಲಿ ನೂರು ಯೂನಿಟ್ ಎಂದರೆ ಎರಡೂವರೆ ಸಿರಿಂಜು. ಎರಡನೆಯದನ್ನು ತುಂಬುವಾಗಲಾದರೂ ಕೈ ನಿಲ್ಲಬೇಕಿತ್ತು; ಯಾಕೆ ನಿಲ್ಲಲಿಲ್ಲ ಎಂಬುದನ್ನೂ ಅವರಿಗೆ ಹೇಳಬೇಕಾಗುತ್ತದೆ.