ಹುಲಿಯ, ಕಿವಿ, ಮತ್ತೆ ಆ ಒಂದು ಓರೆಗೆರೆ

ಆಶ್ಲೇಷ ಮಳೆ ಹಿಡ್ಕೊಂಡು ಬಿಟ್ಟಿದೆ, ತೋಟಕ್ಕೆ ಎರಡನೇ ಸಲದ ಕೊಳೆ ಔಷಧಿ ಹೊಡ್ಸೋಕೆ ಒಂದಿನಾನೂ ಹೊಳವಾಗ್ತಿಲ್ಲ ಅಂತ ಅಪ್ಪಯ್ಯ ಜಗಲಿ ಈ ತುದೀಲಿ ಕೂತು ಗೊಣಗ್ತಿದ್ರೆ, ಆ ತುದೀಲಿ ನಾನು ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು 'ಗುತ್ತಿ', 'ನಾಯಿಗುತ್ತಿ', 'ಗುತ್ತಿ (ಸಿಂಬಾವಿ)' ಅಂತ ಮೂರು ಸಾಲಲ್ಲಿರೋನು ಒಬ್ನೇ ಅಂತ ಕಂಪ್ಯೂಟರಿಗೆ ಹೆಂಗೆ ಹೇಳೋದು ಅಂತ ತಲೆ ಕೆರ್ಕೊಳ್ತಾ ಕೂತಿದ್ದೆ. ಹಿಂದಿನ ವಾರ ಪೂರ್ತಿ ನನ್ನ ಕಥೆ ಇದೇ. ಕನ್ನಡದಲ್ಲಿ ಒಂದು ಫ್ಯಾನ್ ಫಿಕ್ಷನ್ ಗಿಫ್ಟ್ ಎಕ್ಸ್‌ಚೇಂಜ್ ನಡ್ಸ್ತಿದೀವಿ, ಯಾವ ಕೃತಿಯ ಯಾವ ಪಾತ್ರದ ಬಗ್ಗೆ ಬರೀಬಹುದು ಅಂತ ಜನ ಹೆಸರು ಸೂಚಿಸೋದು, ಅಂದ್ರೆ ನಾಮಿನೇಷನ್, ಅದ್ರ ಮೊದಲ ಹೆಜ್ಜೆ. ನಾಮಿನೇಷನ್ ಅಂದ್ರೆ ಒಂದು ಫಾರಂ ಬಿಟ್ಟು ಹೆಸರು ಬರ್ಸ್ಕೊಳ್ಳೋದು, ಒಂದು ಸಂಜೆ ಕೆಲ್ಸ ಅಂದ್ಕೊಂಡಿದ್ದೆ. ಹತ್ತು ದಿನ ಹಿಡೀತು.

ಗೊತ್ತಿಲ್ದೋರಿಗೆ ಮೊದ್ಲು ಹೇಳ್ಬಿಡ್ತೀನಿ. ಫ್ಯಾನ್ ಫಿಕ್ಷನ್ ಅಂದ್ರೆ ಬೇರೆಯೋರು ಕಟ್ಟಿದ ಪಾತ್ರ ತಗೊಂಡು ನಮ್ಮ ಖುಷಿಗೆ ನಾವು ಕಥೆ ಬರಿಯೋದು, ದುಡ್ಡುಗಿಡ್ಡಿನ ಮಾತಿಲ್ಲ. ಗಿಫ್ಟ್ ಎಕ್ಸ್‌ಚೇಂಜ್ ಅಂದ್ರೆ, ನಂಗೆ ಇಂಥ ಪಾತ್ರದ ಬಗ್ಗೆ ಕಥೆ ಬೇಕು, ನಾನು ಇಂಥೋರ ಬಗ್ಗೆ ಬರ್ಕೊಡಬಲ್ಲೆ ಅಂತ ಎಲ್ರೂ ಹೇಳ್ತಾರೆ, ನಡ್ಸೋರು ಬೇಡಿಕೆಗೂ ಕೊಡೋರಿಗೂ ಗಂಟು ಹಾಕ್ತಾರೆ, ಯಾರು ಯಾರಿಗೆ ಬರೀತಿದಾರೆ ಅನ್ನೋದು ಕೊನೇವರೆಗೂ ಗುಟ್ಟು. ಅಪ್ಪಯ್ಯಂಗೆ ಇಷ್ಟು ವಿವರಿಸಿದ್ಕೆ "ಜಾತಕ ಹೊಂದ್ಸೋ ಕೆಲ್ಸ ಅನ್ನು" ಅಂದ್ರು. ಫ್ಯಾನ್ ಫಿಕ್ಷನ್ ಅಂದ್ರೇನು ಅಂತ ಕೇಳಿದಾಗ್ಲೂ ಅಷ್ಟೆ, ನಾನು ಅರ್ಧ ಹೇಳೋದ್ರೊಳಗೆ "ಅದೇ ತಾಳಮದ್ದಳೆ ಅಲ್ವನೇ, ಪದ್ಯ ಭಾಗವತರದ್ದು, ಮಾತು ಅರ್ಥ ಹೇಳೋನದ್ದು" ಅಂದು ಎಲೆಗೆ ಸುಣ್ಣ ಹಚ್ಕೊಂಡ್ರು. ನಾನು ಎರಡು ವರ್ಷದಿಂದ ಸ್ನೇಹಿತರಿಗೆ ಹೇಳಿ ಹೇಳಿ ಸೋತಿದ್ದನ್ನ ಒಂದು ಎಲೆ ಹಾಕೋ ಹೊತ್ತಲ್ಲಿ ಮುಗಿಸಿದ್ರು ಮಾರಾಯ್ರೆ.

ಇದನ್ನ ನಡ್ಸೋ ಮಾಡ್‌ಗಳು ನಾವಿಬ್ರು, ನಾನು ಮತ್ತೆ ಬೆಂಗಳೂರಲ್ಲಿರೋ ನನ್ನ ಚಿಕ್ಕಪ್ಪನ ಮಗಳು. ಮಾಡ್ ಅಂದ್ರೆ ಮಾಡರೇಟರ್, ಆದ್ರೆ ಕನ್ನಡದ ಅರ್ಥದಲ್ಲೇ ತಗೊಂಡ್ರೂ ತಪ್ಪಿಲ್ಲ, ಎಲ್ಲಾ ಮಾಡೋರೂ ನಾವೇ. ಅವ್ಳು ನಾಲ್ಕು ವರ್ಷದಿಂದ ಯೂಲ್‌ಟೈಡಲ್ಲಿ ಬರೀತಾಳೆ. 2003ರಿಂದ ಪ್ರತೀ ಕ್ರಿಸ್ಮಸ್ಸಿಗೆ ನಡೆಯೋ ದೊಡ್ಡ ಎಕ್ಸ್‌ಚೇಂಜ್ ಅದು, ಹೆಚ್ಚು ಜನ ಬರೀದೇ ಇರೋ ಅಪರೂಪದ ಫ್ಯಾಂಡಮ್ಮುಗಳಿಗೇ (ಫ್ಯಾಂಡಮ್ ಅಂದ್ರೆ ಇಲ್ಲಿ ಪಾತ್ರಗಳು ಬರೋ ಮೂಲ ಪುಸ್ತಕ, ಸಿನಿಮಾ ಇಂಥದ್ದು) ಮೀಸಲು, ಕಥೆ ಕನಿಷ್ಠ 1000 ಪದ ಇರ್ಬೇಕು. ಹಂಗೇ ಕನ್ನಡದಲ್ಲಿ ಒಂದು ಮಾಡಣ ಅಕ್ಕಾ, ದೀಪಾವಳಿಗೆ ಕಥೆ ಬಿಡಣ ಅಂದ್ಲು. ನಮ್ಮ ಕಡೆ ದೀಪಾವಳೀಲಿ ಅಂಟಿಗೆ ಪಂಟಿಗೆಯೋರು ರಾತ್ರಿ ದೀಪ ಹಿಡ್ಕೊಂಡು ಮನೆಮನೆ ಬಾಗ್ಲಿಗೆ ಹಾಡ್ಕೊಂಡು ಬರ್ತಾರಲ್ಲ, ಹೊತ್ತಲ್ಲದ ಹೊತ್ತಲ್ಲಿ ಬಾಗ್ಲಿಗೆ ಏನೋ ಬರೋದು ನಮಗೆ ಹೊಸದಲ್ಲ, ಹಂಗಾಗಿ ನಂಗೂ ಸರಿ ಅನ್ಸ್ತು. ಅಪರೂಪದ್ದು ಮಾತ್ರ ಅನ್ನೋ ನಿಯಮ ನಮಗೆ ಬೇಕಾಗ್ಲಿಲ್ಲ, ಕನ್ನಡ ಫ್ಯಾನ್ ಫಿಕ್ಷನ್ನಲ್ಲಿ ಅಪರೂಪ ಅಲ್ಲದ್ದು ಯಾವುದಿದೆ ಹೇಳಿ. 1000 ಪದಾನ 700ಕ್ಕೆ ಇಳಿಸಿದ್ವಿ. ಅದು ಸೋಮಾರಿತನ ಅಲ್ಲ ಕಣ್ರೀ. 'ಹೋಗ್ಬೇಕಾಗಿತ್ತಂತಲ್ಲಾ' ಅನ್ನೋದು ನಮಗೆ ಒಂದೇ ಪದ, ಇಂಗ್ಲಿಷಲ್ಲಿ ಅದಕ್ಕೆ ಒಂದು ಸಾಲೇ ಬೇಕು.

ಈಗ ನಾಮಿನೇಷನ್ ಎಂತಕ್ಕೆ ಅನ್ನೋದು. ಯಾರು ಏನು ಬೇಕಾದ್ರೂ ಕೇಳ್ಬಹುದು ಅಂತ ಬಿಟ್ರೆ ಹತ್ತೊಂಬತ್ತು ಜನ ಹತ್ತೊಂಬತ್ತು ದಿಕ್ಕಿಗೆ ಹೋಗ್ತಾರೆ, ಬೇಡೋನಿಗೂ ಕೊಡೋನಿಗೂ ಎಲ್ಲೂ ಭೇಟಿಯಾಗಲ್ಲ. ಅದಕ್ಕೇ ಮೊದ್ಲು ಎಲ್ರೂ ಸೇರಿ ಒಂದು ಪಟ್ಟಿ ಮಾಡ್ಬೇಕು, ಒಬ್ಬೊಬ್ರು ಮೂರು ಫ್ಯಾಂಡಮ್, ಒಂದೊಂದಕ್ಕೆ ನಾಲ್ಕು ಪಾತ್ರ, ಆಮೇಲೆ ಸೈನ್ ಅಪ್ ಮಾಡುವಾಗ ಆ ಪಟ್ಟಿಯೊಳಗಿಂದ್ಲೇ ಆರಿಸ್ಬೇಕು. ಕಥೆಗಳನ್ನ ನಾವು ಹಾಕೋದು ಆರ್ಕೈವ್ ಆಫ್ ಅವರ್ ಓನ್ ಅಂತ ಇದ್ಯಲ್ಲ, 2009ರಿಂದ ವಾಲಂಟಿಯರ್‌ಗಳೇ ಜಾಹೀರಾತಿಲ್ದೆ ದೇಣಿಗೇಲಿ ನಡೆಸ್ತಿರೋದು, ಅಲ್ಲೇ. ಅಲ್ಲಿ ಇದಕ್ಕೆ ಟ್ಯಾಗ್ ಸೆಟ್, ಅಂದ್ರೆ ಆರಿಸ್ಕೊಳ್ಳೋ ಹೆಸರುಗಳ ಪಟ್ಟಿ, ಅಂತ ವ್ಯವಸ್ಥೇನೇ ಇದೆ. ಆದ್ರೆ ಅಲ್ಲಿ ಅಕೌಂಟ್ ಬೇಕಂದ್ರೆ ಆಹ್ವಾನಕ್ಕೆ ಸಾಲಲ್ಲಿ ನಿಂತು ಕಾಯ್ಬೇಕು, ನಮ್ಮೋರಲ್ಲಿ ಅರ್ಧ ಜನರ ಹತ್ರ ಇನ್ನೂ ಇರ್ಲಿಲ್ಲ. ಹಂಗಾಗಿ ಗೂಗಲ್ ಫಾರಂ ಬಿಟ್ಟು, ಬಂದಿದ್ದನ್ನ ಶೀಟಲ್ಲಿ ಹಸನು ಮಾಡಿ, ಆಮೇಲೆ ನಾವೇ ಅಲ್ಲಿ ಹಾಕೋದು ಅಂತಾಯ್ತು. ಈ ಹಸನು ಮಾಡೋದು ಅಂತ ಎರಡು ಪದ ಬರ್ದೆ ನೋಡಿ, ಅದ್ರಲ್ಲೇ ಇರೋದು ಎಲ್ಲಾ.

ಶೀಟಿಗೆ 52 ಸಾಲು ಬಂತು. ಕರ್ವಾಲೊ, ಕರ್ವಾಲೋ, ಕಾರ್ವಾಲೋ, ಇವು ಮೂರು ಬೇರೆ ಬೇರೆ ಫ್ಯಾಂಡಮ್ ಅಂತ ಕಂಪ್ಯೂಟರಿನ ನಂಬಿಕೆ. ಒಂದೇ ಇರೋ ಸಾಲುಗಳನ್ನ ತೆಗಿ ಅಂತ ಒತ್ತಿದ್ರೆ ಒಂದೂ ತೆಗೀಲಿಲ್ಲ, ಯಾಕಂದ್ರೆ ಅದ್ರ ಕಣ್ಣಿಗೆ ಒಂದೂ ಒಂದೇ ಥರ ಇಲ್ಲ. ಕೆಲವ್ರು ಇಂಗ್ಲಿಷ್ ಅಕ್ಷರದಲ್ಲಿ ಬರ್ದಿದ್ರು. ಒಬ್ರದ್ದಂತೂ ಪೂರ್ತಿ ತಲೆ ಮೇಲೆ ಕೊಂಬು, ಬಾಲಕ್ಕೆ ಕೊಕ್ಕೆ ಇರೋ ವಿಚಿತ್ರ ಇಂಗ್ಲಿಷ್ ಅಕ್ಷರಗಳು, ವೈರಸ್ಸೇ ಇರ್ಬೇಕು ಅಂತ ತಂಗಿ ಹೆದರಿ ಫೋನ್ ಮಾಡಿದ್ಲು, ನಾನು ಒಂದು ಕಾಲದಲ್ಲಿ ಡಿಟಿಪಿ ಅಂಗಡೀಲಿ ಕೂತವಳು, ನೋಡಿದ ತಕ್ಷಣ ನಕ್ಕೆ, ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಅಂಟಿಸಿದ್ದು, ಯೂನಿಕೋಡಿಗೆ ಬದಲಾಯಿಸಿದ್ರೆ ಒಳಗೆ ಚಂದದ ಕನ್ನಡ ಕೂತಿತ್ತು. ಇನ್ನೊಬ್ರು ನಾಲ್ಕು ಪಾತ್ರಾನೂ ಒಂದೇ ಖಾನೇಲಿ ಅಲ್ಪವಿರಾಮ ಹಾಕಿ ಬರ್ದಿದ್ರು. ಆರ್ಕೈವಲ್ಲಿ ಅಲ್ಪವಿರಾಮ ಅಂದ್ರೆ ಒಂದು ಟ್ಯಾಗ್ ಮುಗೀತು ಅಂತ, ಹಂಗೇ ಹಾಕಿದ್ರೆ ಪರವಾಗಿರ್ಲಿಲ್ಲ, ಆದ್ರೆ ಅವ್ರು ವಿವರಣೇನೂ ಅದ್ರೊಳಗೇ ಸೇರ್ಸಿದ್ರು, 'ಮಂದಣ್ಣ, ಪಾಪ, ಒಳ್ಳೇವ್ನು'. ಅಂದ್ರೆ 'ಪಾಪ' ಅನ್ನೋದು ಒಂದು ಪಾತ್ರ ಆಗ್ತಿತ್ತು!

ಅದೇ ಕರ್ವಾಲೊ ಕಾದಂಬರಿ ಕೆಳಗೆ ಪಾತ್ರದ ಖಾನೇಲಿ ಒಬ್ರು ಬರೀ 'ಕಿವಿ' ಅಂತ ಬರ್ದಿದ್ರು. ತಂಗಿ ಅದನ್ನ ಕೆಂಪು ಮಾಡಿ ತಿರಸ್ಕರಿಸಿ 'ತಮಾಷೆ ನಾಮಿನೇಷನ್' ಅಂತ ಷರಾ ಹಾಕಿದಾಳೆ. ಫೋನ್ ಮಾಡ್ದೆ.

"ಏ ಪುಟ್ಟಿ, ಕಿವೀನ ಯಾಕೆ ತೆಗ್ದೆ?"

"ಅಕ್ಕಾ, ಯಾರೋ ಕಿಚಾಯಿಸ್ತಿದಾರೆ. ಕಿವಿ ಬಗ್ಗೆ ಯಾರಾದ್ರೂ ಕಥೆ ಬರೀತಾರಾ?"

"ಅದು ನಾಯಿ ಹೆಸ್ರು ಮಾರಾಯ್ತಿ!"

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. 1980ರ ಪುಸ್ತಕ, ಅವಳು ಹೈಸ್ಕೂಲಲ್ಲಿ ಓದಿದ್ದಂತೆ, ಹಾರೋ ಓತಿ ಒಂದು ನೆನಪಿದೆ, ನಾಯಿ ಮರ್ತೋಗಿದೆ. ಈಗ ಕಿವಿ ಪಟ್ಟೀಲಿದೆ, 'ಕಿವಿ (ಕರ್ವಾಲೊ)' ಅಂತ ಆವರಣದಲ್ಲಿ ಪುಸ್ತಕದ ಹೆಸರೂ ಸೇರ್ಸಿ, ಇನ್ನೊಬ್ರಿಗೆ ಗೊಂದಲ ಆಗ್ಬಾರ್ದಲ್ಲ.

ನಾಯಿ ವಿಷ್ಯ ಬಂದಿದ್ಕೆ ಹೇಳ್ತೀನಿ. ನಾಮಿನೇಷನ್ ಜೊತೆ ಯಾಕೆ ಬೇಕು ಅಂತ ಒಂದು ಸಾಲು ಬರೀಬಹುದು, ಕಡ್ಡಾಯ ಏನಲ್ಲ ಅಂದಿದ್ವಿ. ಮಲೆಗಳಲ್ಲಿ ಮದುಮಗಳು ಮೂರು ಜನ ಹಾಕಿದ್ರು, ಮೂರೂ ಜನರ ಪಟ್ಟೀಲಿ ಗುತ್ತಿಯ ನಾಯಿ ಹುಲಿಯ ಇದಾನೆ. (ಕಾದಂಬರಿ ಓದ್ದೇ ಇದ್ರೆ ಮುಂದಿನ ಎರಡು ಸಾಲು ಹಾರಿಸಿ.) ಕೊನೇಲಿ ತುಂಗೆ ಪ್ರವಾಹದಲ್ಲಿ ಹುಲಿಯ ಕೊಚ್ಕೊಂಡು ಹೋಗೋದು ಇವ್ರಲ್ಲಿ ಯಾರಿಗೂ ಇವತ್ತಿಗೂ ಸಹಿಸೋಕಾಗಿಲ್ಲ. ಒಬ್ರು ಬರ್ದಿದ್ರು, ಅವನು ಆಚೆ ದಡದಲ್ಲಿ ಕೆಳಗೆಲ್ಲೋ ಹತ್ಕೊಂಡ ಅಂತ ಬರ್ಕೊಡಿ, ಸಾಕು. 1967ರ ಪುಸ್ತಕ. ತೀರ್ಥಹಳ್ಳೀಲಿ ಈಗ ಹೊಳೆ ತುಂಬಿ ಹರೀತಿದೆ, ಮೊನ್ನೆ ಸೇತುವೆ ಮೇಲೆ ಬಸ್ಸಲ್ಲಿ ಬರುವಾಗ ಆ ಕೆಂಪು ನೀರು ನೋಡಿ ನಂಗೆ ಇದೇ ಸಾಲು ನೆನಪಾಗಿ ಪಕ್ಕದಲ್ಲಿ ಕೂತ ಹೆಂಗಸು "ಎಂತ ಆಯ್ತೆ?" ಅಂತ ಕೇಳೋ ಹಂಗಾಯ್ತು. ನಾಯಿ ಒಂದು ಅಂದೆ. ಯಾರ ಮನೇದು ಅಂದ್ರು. ಏನು ಹೇಳೋದು.

ದೊಡ್ಡ ಜಗಳ ಆಗಿದ್ದು ದ್ರೌಪದಿ ಮೇಲೆ. ಏಳು ಜನ 'ಮಹಾಭಾರತ' ಅಂತ ಹಾಕಿದ್ರು, ಒಂದೇ ಸಾಲು ಮಾಡಿ ಬಿಸಾಕಣ ಅಂದ್ಲು ತಂಗಿ. ನಾನು ಒಪ್ಲಿಲ್ಲ. ಪಂಪನ ದ್ರೌಪದಿಗೆ ಗಂಡ ಅರ್ಜುನ ಒಬ್ನೇ. ಕುಮಾರವ್ಯಾಸನಲ್ಲಿ ಐವರು. ಒಬ್ರು ಐದು ಗಂಡಂದಿರ ಸಂಕಟದ ಕಥೆ ಕೇಳಿ, ಬರಿಯೋರು ಪಂಪನ ಮನಸ್ಸಲ್ಲಿಟ್ಕೊಂಡು ಕೂತಿದ್ರೆ ಹೊಂದತ್ತಾ? ಹೆಸರು ಒಂದೇ, ಜಾತಕ ಬೇರೆ. ಮತ್ತೆ ಪಂಪನ್ನ ನೋಡಿ, ಮೂಲದ ಮದುವೇನೇ ಬದಲಾಯಿಸಿ, ತನ್ನ ದೊರೆ ಅರಿಕೇಸರೀನ ಅರ್ಜುನನ ಜೊತೆ ಬೆಸೆದು, ಕೊನೇಲಿ ಅರ್ಜುನಂಗೇ ಪಟ್ಟ ಕಟ್ಟಿ, ಅದಕ್ಕೆ ಉಡುಗೊರೆಯಾಗಿ ಧರ್ಮವುರ ಅನ್ನೋ ಅಗ್ರಹಾರಾನೇ ಪಡ್ಕೊಂಡ. ಹತ್ತನೇ ಶತಮಾನದಲ್ಲೇ! ನಮ್ಮ ಎಕ್ಸ್‌ಚೇಂಜಲ್ಲಿ ಅಗ್ರಹಾರ ಇಲ್ಲ, ಮೊದ್ಲೇ ಹೇಳಿರ್ತೀನಿ. ಕೊನೆಗೆ ಪಂಪಂದು ಒಂದು, ಕುಮಾರವ್ಯಾಸಂದು ಒಂದು, ಯಕ್ಷಗಾನ ಪ್ರಸಂಗದ್ದು ಒಂದು ಅಂತ ಮೂರು ಮಾಡಿ ಏಳೂ ಜನಕ್ಕೆ ನಿಮ್ದು ಯಾವ್ದು ಅಂತ ಮೆಸೇಜ್ ಹಾಕಿದ್ವಿ. ಇಬ್ರು "ಟೀವೀದು" ಅಂದ್ರು. ನಾಲ್ಕಾಯ್ತು.

ಸಿನಿಮಾ ನಟರ ಹೆಸರು ಹಾಕ್ಬೇಡಿ, ಪಾತ್ರದ ಹೆಸರು ಹಾಕಿ ಅಂತ ಮೂರು ಸಲ ಬರ್ದಿದ್ವಿ, ಆದ್ರೂ ಬಂತು, ತೆಗೆದ್ವಿ, ಬೈಸ್ಕೊಂಡ್ವಿ. ಅದು ಇರ್ಲಿ.

ಓರೆಗೆರೆ ಕಥೆ ಹೇಳ್ಬೇಕು. ಪಾತ್ರದ ಜೊತೆಗೆ ಜೋಡೀನೂ ನಾಮಿನೇಟ್ ಮಾಡ್ಬಹುದು. ಇದ್ರಲ್ಲಿ ಎಲ್ಲಾ ಕಡೆ ನಡ್ಕೊಂಡು ಬಂದಿರೋ ಒಂದು ಪದ್ಧತಿ ಇದೆ, ಎರಡು ಹೆಸರಿನ ಮಧ್ಯ ಓರೆಗೆರೆ ('/') ಹಾಕಿದ್ರೆ ಪ್ರೇಮದ ಸಂಬಂಧ, '&' ಹಾಕಿದ್ರೆ ಸ್ನೇಹ, ಅಕ್ಕತಮ್ಮ, ಗುರುಶಿಷ್ಯ ಇಂಥದ್ದು. ನಾವು ನಿಯಮದಲ್ಲಿ ಬರ್ದಿದ್ವಿ, ಹದಿನಾಲ್ಕನೇ ಸಾಲಲ್ಲಿ, ಯಾರು ಓದ್ತಾರೆ. ನಮ್ಮಲ್ಲಿ ಸಾಗರದ ಕಡೆ ಒಬ್ರು ರಿಟೈರ್ಡ್ ಮೇಷ್ಟ್ರಿದಾರೆ, ಕೆಳದಿ ಇತಿಹಾಸ ಅಂದ್ರೆ ಪ್ರಾಣ, ಇಂಥದ್ದಕ್ಕೆಲ್ಲ ಸೇರ್ಕೊಂಡಿದ್ದೇ ನಮಗೆ ಖುಷಿ. ಅವ್ರು ಹಾಕಿದ್ದು ಕೆಳದಿ ಚೆನ್ನಮ್ಮ, ಓರೆಗೆರೆ, ರಾಜಾರಾಮ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ, 1689ರಲ್ಲಿ, ಶಿವಾಜಿ ಮಗ ರಾಜಾರಾಮಂಗೆ ರಾಣಿ ಆಶ್ರಯ ಕೊಟ್ಟ ಪ್ರಸಂಗ. ಮೇಷ್ಟ್ರು ಜೀವಮಾನ ಪೂರ್ತಿ ಆಫೀಸಿನ ಫಾರಂಗಳಲ್ಲಿ 'ತಂದೆ/ಪೋಷಕರು' ಅಂತ ತುಂಬ್ಸಿದೋರು, ಆ ಅಭ್ಯಾಸದಲ್ಲೇ ಗೆರೆ ಎಳ್ದಿದಾರೆ. ತಂಗಿ ಅದನ್ನ ನೋಡಿ, ಒಪ್ಗೆ ಕೊಟ್ಟು, ಗ್ರೂಪಲ್ಲಿ ಹಾಕಿದ ಕರಡು ಪಟ್ಟೀಲಿ ಸೇರ್ಸೂ ಬಿಟ್ಲು, ಪಕ್ಕದಲ್ಲಿ ಒಂದು ಕೆಂಪು ಹಾರ್ಟ್ ಬೇರೆ. ಹತ್ತು ನಿಮಿಷಕ್ಕೆ ಗ್ರೂಪು ಹೊತ್ಕೊಂಡು ಉರೀತು. ನಾನು ಎಲ್ರ ಬಾಯಿ ಮುಚ್ಸಿ ಮೇಷ್ಟ್ರಿಗೇ ಫೋನ್ ಮಾಡ್ದೆ.

"ಸರ್, ನಿಮ್ಮ ನಾಮಿನೇಷನ್ನಲ್ಲಿ ಒಂದು ಗೆರೆ ಇದೆ, ಅದ್ರ ಅರ್ಥ..." ಅಂತ ನಿಧಾನಕ್ಕೆ ಹೇಳ್ತಾ ಹೋದೆ. ಪೂರ್ತಿ ಕೇಳಿಸ್ಕೊಂಡ್ರು.

"ಅಯ್ಯೋ ಶಿವನೇ," ಅಂದ್ರು. ಆಮೇಲೆ, "ಆ ಹುಡುಗಂಗೆ ಆಗ ಹತ್ತೊಂಬತ್ತು ವರ್ಷ ಕಣಮ್ಮ. ಆಶ್ರಯ ಕೇಳ್ಕೊಂಡು ಬಂದ ಮಗು ಅದು." ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಈಗ ಯಾರಾದ್ರೂ ಬರ್ದೇ ಬಿಟ್ರಾ?"

ಇಲ್ಲ ಸರ್, ಇನ್ನೂ ಸೈನ್ ಅಪ್ಪೇ ಶುರುವಾಗಿಲ್ಲ ಅಂದ್ಮೇಲೆ ಉಸಿರು ಬಿಟ್ರು. ಗೆರೆ ಹೋಯ್ತು, '&' ಬಂತು. ತಪ್ಪು ಅವ್ರದ್ದಲ್ಲ, ಹದಿನಾಲ್ಕನೇ ಸಾಲಲ್ಲಿ ಅಡಗಿಸಿಟ್ಟ ನಮ್ಮದು. ಈಗ ಫಾರಂ ಬದಲಾಯಿಸಿದೀನಿ, ಗೆರೆಗಿರೆ ಏನೂ ಹಾಕೋ ಹಂಗಿಲ್ಲ, ಹೆಸರು ಎರಡು ಖಾನೇಲಿ, ಮೂರನೇ ಖಾನೇಲಿ 'ಪ್ರೇಮ' ಅಥ್ವಾ 'ಪ್ರೇಮ ಅಲ್ಲ' ಅಂತ ಆರಿಸ್ಬೇಕು. ಇಂಥ ಎಕ್ಸ್‌ಚೇಂಜ್ ಯಾರಾದ್ರೂ ನಡ್ಸೋರಿದ್ರೆ ದಯವಿಟ್ಟು ಹಿಂಗೇ ಮಾಡಿ.

ನಾಮಿನೇಷನ್ ಅಂದ್ರೆ ಗುಮಾಸ್ತೆ ಕೆಲ್ಸ, ಕಥೆ ಬರೆಯೋದು ನಿಜವಾದ ಕೆಲ್ಸ ಅಂತ ತಂಗಿ ಮೊದಲ ದಿನ ಹೇಳಿದ್ಲು. ಕಿವಿ ಪಟ್ಟಿಯಿಂದ ಬಿದ್ದೋಗಿದ್ರೆ ಅವನ ಕಥೆ ಹುಟ್ತಾನೇ ಇರ್ಲಿಲ್ಲ, ಆ ಗೆರೆ ಉಳ್ಕೊಂಡಿದ್ರೆ ದೀಪಾವಳಿಗೆ ಮೇಷ್ಟ್ರ ಮುಂದೆ ಎಂಥ ಕಥೆ ಬಂದು ಕೂರ್ತಿತ್ತೋ, ಯೋಚ್ನೆ ಮಾಡೋಕೂ ಧೈರ್ಯ ಇಲ್ಲ. ಈಗ ಅವ್ಳು ಗುಮಾಸ್ತೆ ಅನ್ನಲ್ಲ.

ಭಾನುವಾರ ರಾತ್ರಿ 12ಕ್ಕೆ ಫಾರಂ ಮುಚ್ಚೋದು, ಒಂದು ನಿಮಿಷ ತಡ ಆದ್ರೂ ಇಲ್ಲ ಅಂತ ದೊಡ್ಡದಾಗಿ ಹಾಕಿದ್ವಿ. 12 ಗಂಟೆ 40 ನಿಮಿಷಕ್ಕೆ ಹೊಸನಗರದ ಕಡೆಯೋರೊಬ್ರ ಮೆಸೇಜು, ಸಂಜೆಯಿಂದ ಕರೆಂಟಿಲ್ಲ, ಟವರ್ರೂ ಸತ್ತಿತ್ತು, ಈಗ ಗುಡ್ಡ ಹತ್ತಿ ಕಳಿಸ್ತಿದೀನಿ ಅಂತ. ಆ ಮಳೇಲಿ, ಆ ಕತ್ಲಲ್ಲಿ, ಇಂಬಳದ (ಜಿಗಣೆ) ಕಾಟದಲ್ಲಿ, ಗುಡ್ಡ ಹತ್ತಿ, ಮೂರು ಫ್ಯಾಂಡಮ್ ಹನ್ನೆರಡು ಪಾತ್ರ, ಒಂದು ಕಾಗುಣಿತ ತಪ್ಪಿಲ್ಲ. ತಗೊಂಡೆ. ತಂಗಿ "ನಿಯಮ?" ಅಂದ್ಲು, ಮಲೆನಾಡಲ್ಲಿ ಆಶ್ಲೇಷ ಮಳೇಲಿ ಕರೆಂಟ್ ಹೋಯ್ತು ಅನ್ನೋದಕ್ಕೆ ಸಾಕ್ಷಿ ಕೇಳ್ಬಾರ್ದು ಅಂದೆ, ಸುಮ್ನಾದ್ಲು.

52 ಸಾಲು ಹಸನಾಗಿ 27 ಫ್ಯಾಂಡಮ್ ಆಯ್ತು. ನಿನ್ನೆ ರಾತ್ರಿ ಟ್ಯಾಗ್ ಸೆಟ್ ಮುಗ್ಸಿ, ಪ್ರಕಟಿಸಿ, ಸೈನ್ ಅಪ್ ಚೌತಿ ಆದ್ಮೇಲೆ ಅಂತ ಗ್ರೂಪಲ್ಲಿ ಹಾಕಿ, ಒಂದು ಲೋಟ ಕಷಾಯ ಮಾಡ್ಕೊಂಡು ಕೂತು ಪಟ್ಟೀನ ಮೇಲಿಂದ ಕೆಳಗೆ ಆರಾಮಾಗಿ ಓದ್ತಾ ಇದ್ದೆ. ಅರ್ಧಕ್ಕೆ ಬಂದಾಗ ಏನೋ ಕಡ್ಮೆ ಅನ್ಸ್ತು. ಮತ್ತೆ ಮೇಲಿಂದ ಓದ್ದೆ. ನಂದೇ ಇಲ್ಲ. ಹತ್ತೊಂಬತ್ತು ಜನರ ಬೆನ್ನು ಹತ್ತಿದೋಳು ನನ್ನ ಫಾರಂ ತುಂಬೇ ಇಲ್ಲ.

ತಂಗಿಗೆ ಫೋನ್ ಮಾಡ್ದೆ. ಪೂರ್ತಿ ಹೇಳೋಕೂ ಬಿಡ್ದೆ ನಗೋಕೆ ಶುರು ಮಾಡಿದ್ಲು. "ನಿಯಮ ಅಕ್ಕಾ, ನಿಯಮ."

"ನಮ್ಮನೇಲೂ ಕರೆಂಟ್ ಇರ್ಲಿಲ್ಲ ಕಣೇ."

"ಹೋದ ತಿಂಗ್ಳು ಇನ್ವರ್ಟರ್ ಹಾಕ್ಸಿದ್ವಿ ಅಂತ ದೊಡ್ಡಪ್ಪನೇ ಹೇಳಿದಾರೆ," ಅಂದ್ಲು.